ಬಾಗ್ದಾದಿನ ಒದ್ದೆ ಬಟ್ಟೆಯಿಂದ ಕರಾವಳಿಯ ಕೂಲರ್‌ವರೆಗೆ

ಮಾರ್ಚ್ ತಿಂಗಳು ಬಂತೆಂದರೆ ಕಲಬುರಗಿ, ವಿಜಯಪುರದ ಪೇಟೆಗಳಲ್ಲಿ ಸಾಲಾಗಿ ನಿಲ್ಲುವ ಏರ್ ಕೂಲರುಗಳು ಮಂಗಳೂರು, ಉಡುಪಿ, ಭಟ್ಕಳದ ಅಂಗಡಿಗಳ ಮುಂದೆಯೂ ಕಾಣಿಸಿಕೊಳ್ಳುತ್ತವೆ. ಯಂತ್ರ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಆದರೆ ವಿಜಯಪುರದ ಮನೆಯಲ್ಲಿ ಮೈಮೇಲೆ ಚಾದರ ಎಳೆದುಕೊಳ್ಳುವಂತೆ ಮಾಡುವ ಅದೇ ಕೂಲರ್, ಕರಾವಳಿಯ ಮನೆಯಲ್ಲಿ ಗೋಡೆಗೆ ಬೂಷ್ಟು ಹಿಡಿಸಿ, ಹಾಸಿಗೆಯನ್ನು ಜಿಗುಟಾಗಿಸಿ, ಮನೆಮಂದಿಯನ್ನು ಮೊದಲಿಗಿಂತ ಹೆಚ್ಚು ಬೆವರಿಸುತ್ತದೆ. ಕೊಂಡವರು ಅಂಗಡಿಯವನನ್ನು ಬೈಯುತ್ತಾರೆ. ಅಂಗಡಿಯವನು ಟ್ಯಾಂಕಿಗೆ ಐಸ್ ಹಾಕಿ ನೋಡಿ ಎನ್ನುತ್ತಾನೆ. ಇಬ್ಬರಿಗೂ ಉತ್ತರ ಹೇಳಬಲ್ಲ ಒಂದು ದೀರ್ಘ ಇತಿಹಾಸ ಇದೆ. ನೀರಿನಿಂದ ಮನೆಯನ್ನು ತಂಪು ಮಾಡುವ ವಿದ್ಯೆ ಸಾವಿರ ವರ್ಷಕ್ಕೂ ಹಳೆಯದು. ಅದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬ ತಿಳಿವಳಿಕೆಯೂ ಅಷ್ಟೇ ಹಳೆಯದು. ವಿದ್ಯೆ ನಮ್ಮ ಕಾಲದವರೆಗೂ ಉಳಿದುಬಂತು, ಆ ತಿಳಿವಳಿಕೆ ಮಾತ್ರ ನಡುದಾರಿಯಲ್ಲಿ ಎಲ್ಲೋ ಕಳೆದುಹೋಯಿತು.

ಈ ಇತಿಹಾಸವನ್ನು ಬಾಗ್ದಾದಿನಿಂದ ಆರಂಭಿಸುವುದು ಸೂಕ್ತ. ಖಲೀಫ ಅಲ್ ಮನ್ಸೂರ್ ಆ ನಗರಕ್ಕೆ ಅಡಿಪಾಯ ಹಾಕಿದ್ದು ಕ್ರಿ.ಶ. 762ರಲ್ಲಿ. ಅಲ್ಲಿನ ಬೇಸಗೆ ಕಠಿಣ, ಗಾಳಿ ಬಹಳ ಒಣದು. ಅದಕ್ಕೂ ಮುಂಚೆ ಇರಾನಿನ ಸಾಸಾನಿ ಅರಸರು ತಾವು ಮಧ್ಯಾಹ್ನ ವಿಶ್ರಮಿಸುವ ಕೋಣೆಗೆ ಬೇಸಗೆಯಲ್ಲಿ ದಿನವೂ ಹಸಿಮಣ್ಣು ಮೆತ್ತಿಸುತ್ತಿದ್ದರಂತೆ. ಮಣ್ಣು ಒಣಗುವಾಗ ಕೋಣೆ ತಂಪಾಗುತ್ತಿತ್ತು. ಮನ್ಸೂರನ ಕಾಲದಲ್ಲಿ ಇದಕ್ಕಿಂತ ಸುಲಭದ ಉಪಾಯ ಬಳಕೆಗೆ ಬಂತು. 'ಖೈಶ್' ಎಂದು ಕರೆಯುವ ದಪ್ಪ ನಾರುಬಟ್ಟೆಯನ್ನು ನೀರಿನಲ್ಲಿ ತೋಯಿಸಿ ಕೋಣೆಗೆ ಹೊದಿಸುವುದು. 1038ರಲ್ಲಿ ನಿಧನನಾದ ನಿಶಾಪುರದ ವಿದ್ವಾಂಸ ಸಆಲಬಿ ತನ್ನ 'ಲತಾಇಫುಲ್ ಮಆರಿಫ್' ಎಂಬ ಗ್ರಂಥದಲ್ಲಿ ಈ ವಿಷಯವನ್ನು ದಾಖಲಿಸಿದ್ದಾನೆ. ಅರಮನೆಯಲ್ಲಿ ಹುಟ್ಟಿದ ಈ ಸೌಕರ್ಯ ಕ್ರಮೇಣ ಊರಿನ ಉಳ್ಳವರ ಮನೆಗಳಿಗೂ ಹಬ್ಬಿತು. ಇಂದಿನ ಕೂಲರಿನೊಳಗೆ ಒದ್ದೆಯಾಗಿ ನಿಂತಿರುವ ಹುಲ್ಲಿನ ಅಥವಾ ಕಾಗದದ ಪ್ಯಾಡ್ ಇದೇ ಖೈಶಿನ ಮೊಮ್ಮಗ ಎನ್ನಬಹುದು.

ಇಲ್ಲಿ ವಿದ್ಯಾರ್ಥಿ ಮಿತ್ರರು ಒಂದು ಕ್ಷಣ ನಿಂತು ಆಲೋಚಿಸಬೇಕು. ಒದ್ದೆ ಬಟ್ಟೆ ತಂಪು ಕೊಡುವುದು ನೀರು ತಣ್ಣಗಿರುವುದರಿಂದಲ್ಲ. ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೀರುತ್ತದೆ. ಅದೇ ಒಂದು ಲೀಟರ್ ನೀರನ್ನು ಮಂಜುಗಡ್ಡೆಯ ಮಟ್ಟದಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾಗುವುದು ಕೇವಲ 420 ಕಿಲೋಜೂಲ್. ಆದ್ದರಿಂದಲೇ ಒಂದು ಹೂಜಿ, ಒಂದು ಬಟ್ಟೆ, ಒಂದು ಫ್ಯಾನು ಇಷ್ಟೊಂದು ಕೆಲಸ ಮಾಡಬಲ್ಲವು. ಆದರೆ ಶರತ್ತೊಂದಿದೆ: ಗಾಳಿಗೆ ಬಾಯಾರಿಕೆ ಇರಬೇಕು. ಈಗಾಗಲೇ ನೀರಾವಿ ಕುಡಿದು ತುಂಬಿದ ಗಾಳಿಯ ಮುಂದೆ ಎಷ್ಟು ಒದ್ದೆ ಬಟ್ಟೆ ತೂಗುಹಾಕಿದರೂ ನೀರು ಬಟ್ಟೆಯಲ್ಲೇ ಉಳಿಯುತ್ತದೆ. ಕರಾವಳಿಯ ಸೆಕೆಗೂ ಬಯಲುಸೀಮೆಯ ಝಳಕ್ಕೂ ಇರುವ ವ್ಯತ್ಯಾಸ ಇದೇ.

ಬಾಗ್ದಾದಿನಲ್ಲಿ ಬಟ್ಟೆ ಮಾಡಿದ ಕೆಲಸವನ್ನು ಹಿಂದುಸ್ತಾನದಲ್ಲಿ ಒಂದು ಬೇರು ಮಾಡಿತು. ಹೊಳೆದಂಡೆಯಲ್ಲಿ ಬೆಳೆಯುವ ಲಾವಂಚದ ಬೇರನ್ನು ಉತ್ತರದವರು ಖಸ್ ಎನ್ನುತ್ತಾರೆ. ಅಕ್ಬರನ ಕಾಲದಲ್ಲಿ ಈ ಬೇರಿನಿಂದ ಕಟ್ಟಿದ 'ಖಸ್‌ಖಾನಾ' ಎಂಬ ಕೋಣೆಗಳಿಗೆ ನೀರು ಚಿಮುಕಿಸಿ ಬೇಸಗೆಯ ನಡುವೆ ಚಳಿಗಾಲ ಬರಿಸುತ್ತಿದ್ದ ಸಂಗತಿಯನ್ನು ಅಬುಲ್ ಫಜಲ್ 'ಆಯಿನೆ ಅಕ್ಬರಿ'ಯಲ್ಲಿ ಬರೆದಿದ್ದಾನೆ. ಔರಂಗಜೇಬನ ಆಳ್ವಿಕೆಯಲ್ಲಿ ದೆಹಲಿಯಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯೆ 1663ರ ತನ್ನ ಪತ್ರದಲ್ಲಿ ಅಲ್ಲಿನ ಒಳ್ಳೆಯ ಮನೆಗೆ ಏನೇನು ಇರಬೇಕೆಂದು ವಿವರಿಸುತ್ತಾ ನೆಲಮಾಳಿಗೆಯನ್ನೂ, ತೋಟದ ನಡುವೆ ನೀರಿನ ತೊಟ್ಟಿಯ ಬಳಿ ನಿಲ್ಲಿಸುತ್ತಿದ್ದ ಖಸ್‌ಖಾನಾಗಳನ್ನೂ ಹೆಸರಿಸುತ್ತಾನೆ. ಆಳುಗಳು ಚರ್ಮದ ಚೀಲದಲ್ಲಿ ನೀರು ತಂದು ಹೊರಗಿನಿಂದ ಬೇರನ್ನು ತೋಯಿಸುತ್ತಿದ್ದರು. ತಂಪಿನ ಜೊತೆಗೆ ಸುವಾಸನೆಯೂ ಬರುತ್ತಿತ್ತು. ಆ ತಂಪಿನ ಹಿಂದೆ ಬಿಸಿಲಲ್ಲಿ ನಿಂತು ನೀರೆರೆಯುವವನೊಬ್ಬ ಇದ್ದ ಎಂಬುದನ್ನೂ ಮರೆಯಬಾರದು.

ನಮ್ಮ ರಾಜ್ಯದಲ್ಲೂ ಈ ಪರಂಪರೆಯ ಗುರುತುಗಳಿವೆ. ವಿಜಯಪುರದ ಆದಿಲ್ ಶಾಹಿಗಳು ಅಸರ್ ಮಹಲಿನ ಮುಂದೆ ದೊಡ್ಡ ಕೊಳ ಕಟ್ಟಿಸಿದ್ದನ್ನು ಪ್ರವಾಸ ಹೋದವರೆಲ್ಲ ನೋಡಿರುತ್ತಾರೆ. ಆದರೆ ನಗರದಿಂದ ಪೂರ್ವಕ್ಕೆ ಸುಮಾರು 20 ಕಿ.ಮೀ. ದೂರದ ಕುಮಟಗಿಗೆ ಹೋಗುವವರು ಕಡಿಮೆ. ಅಲ್ಲಿ ಕೆರೆಯ ಬದಿಯಲ್ಲಿ ಸುಲ್ತಾನರ ಬೇಸಗೆಯ ವಿಹಾರಧಾಮ ಇದೆ. ನೀರನ್ನು ಎತ್ತರಕ್ಕೇರಿಸಿ ಕೊಳವೆಗಳ ಮೂಲಕ ಮಂಟಪಗಳಿಗೆ ಹಾಯಿಸಿ ತುಂತುರಾಗಿ ಸುರಿಸುವ ವ್ಯವಸ್ಥೆಯ ಅವಶೇಷಗಳನ್ನು ಈಗಲೂ ಕಾಣಬಹುದು. ಏಪ್ರಿಲ್ ತಿಂಗಳ ವಿಜಯಪುರದ ಒಣ ಗಾಳಿಯಲ್ಲಿ ಆ ತುಂತುರಿನ ಪರಿಣಾಮ ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಶಾಲಾ ಪ್ರವಾಸಗಳು ಗೋಲಗುಮ್ಮಟದ ಪ್ರತಿಧ್ವನಿ ಕೇಳಿ ಹಿಂತಿರುಗುತ್ತವೆ. ಕುಮಟಗಿಯನ್ನೂ ಸೇರಿಸಿಕೊಂಡರೆ ವಿಜ್ಞಾನದ ಪಾಠವೂ ಆಗುತ್ತಿತ್ತು.

ಇಷ್ಟೆಲ್ಲಾ ಒಣನಾಡುಗಳ ಕಥೆ. ಇದೇ ಜನರು ಕಡಲತೀರಕ್ಕೆ ಬಂದಾಗ ಏನು ಮಾಡಿದರು? ನನ್ನ ದೃಷ್ಟಿಯಲ್ಲಿ ಇಡೀ ಇತಿಹಾಸದ ಅತ್ಯಂತ ಕುತೂಹಲದ ಭಾಗ ಇದು.

ಇರಾನಿನ ನಡುಭಾಗದ ಯಜ್ದ್ ನಗರ ಮರುಭೂಮಿಯ ಅಂಚಿನಲ್ಲಿದೆ. ಅಲ್ಲಿನ ಮನೆಗಳ ಮೇಲೆ 'ಬಾದ್‌ಗೀರ್' ಎಂಬ ಗಾಳಿಗೋಪುರಗಳು ಎದ್ದುನಿಂತಿವೆ. ಬಾದ್ ಎಂದರೆ ಗಾಳಿ, ಗೀರ್ ಎಂದರೆ ಹಿಡಿಯುವುದು. ದೌಲತಾಬಾದ್ ಉದ್ಯಾನದಲ್ಲಿರುವ 18ನೇ ಶತಮಾನದ ಗೋಪುರ ಸುಮಾರು 33 ಮೀಟರ್ ಎತ್ತರವಿದೆ. ಮೇಲಿನ ಗಾಳಿಯನ್ನು ಹಿಡಿದು ಕೆಳಗಿಳಿಸಿ, ಮನೆಯೊಳಗಿನ ನೀರಿನ ಕೊಳದ ಮೇಲೆ ಹಾಯಿಸುವುದು ಇಂಥ ಗೋಪುರದ ಕ್ರಮ. ಕೆಲವು ಕಡೆ ಕನಾತ್ ಎಂಬ ನೆಲದಡಿಯ ಕಾಲುವೆಯ ನೀರೂ ಇದಕ್ಕೆ ನೆರವಾಗುತ್ತದೆ. ಒಣ ಗಾಳಿ ನೀರನ್ನು ಮುಟ್ಟಿ ತಂಪಾಗಿ ಕೋಣೆಗೆ ಬರುತ್ತದೆ.

ದಕ್ಷಿಣ ಇರಾನಿನ ಬಸ್ತಕ್ ಪ್ರದೇಶದ ವ್ಯಾಪಾರಿಗಳು 19ನೇ ಶತಮಾನದ ಕೊನೆಯಲ್ಲಿ ಕೊಲ್ಲಿಯನ್ನು ದಾಟಿ ದುಬೈಗೆ ಬಂದು ನೆಲೆಸಿದರು. ಅವರು ಕಟ್ಟಿದ ಕೇರಿಗೆ ಬಸ್ತಕಿಯಾ ಎಂಬ ಹೆಸರು ಬಂತು. ಈಗ ಅದನ್ನು ಅಲ್ ಫಹೀದಿ ಎಂದು ಕರೆಯುತ್ತಾರೆ. ನಮ್ಮ ಕರಾವಳಿಯಿಂದ ದುಬೈಗೆ ದುಡಿಯಲು ಹೋದ ಅನೇಕರು ಆ ಗೋಪುರಗಳ ಎದುರು ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. ಹೊರಗಿನಿಂದ ನೋಡಿದರೆ ಯಜ್ದಿನ ಗೋಪುರದ ತಮ್ಮನಂತೆಯೇ ಇದೆ. ನಾಲ್ಕು ದಿಕ್ಕಿಗೂ ಬಾಯಿ, ಒಳಗೆ ಅಡ್ಡಡ್ಡ ಗೋಡೆ. ಒಂದು ಕಡೆಯಿಂದ ಗಾಳಿ ಇಳಿದರೆ ಇನ್ನೊಂದು ಕಡೆಯಿಂದ ಏರಿ ಹೋಗುತ್ತದೆ. ಆದರೆ ಯಜ್ದಿನಂತೆ ಅದರಡಿ ಕೊಳವೂ ಇಲ್ಲ, ಕನಾತಿನ ನೀರೂ ಇಲ್ಲ. ಗೋಪುರದ ಬುಡದಲ್ಲಿ ಮನೆಮಂದಿ ಕುಳಿತುಕೊಳ್ಳುವ ಜಾಗ ಅಷ್ಟೆ. ಸಮುದ್ರದ ಸೆಕೆಯಲ್ಲಿ ಬೇಕಾದದ್ದು ಮೈಮೇಲೆ ಹಾಯುವ ಗಾಳಿ. ಬೆವರೇ ಅಲ್ಲಿ ಕೂಲರಿನ ನೀರು, ಚರ್ಮವೇ ಒದ್ದೆ ಬಟ್ಟೆ. ಗೋಪುರದ ರೂಪವನ್ನು ಉಳಿಸಿಕೊಂಡು ನೀರನ್ನು ಹಿಂದೆ ಬಿಟ್ಟುಬಂದ ಆ ವ್ಯಾಪಾರಿಗಳು, ಗಾಳಿಯ ಸ್ವಭಾವವನ್ನು ಇಂದಿನ ಅನೇಕ ಇಂಜಿನಿಯರುಗಳಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಆ ಕಡಲತೀರದ ಸೆಕೆ ಒಣನಾಡಿನಿಂದ ಬಂದವನಿಗೆ ಎಷ್ಟು ಅಸಹನೀಯವಾಗಿತ್ತೆಂಬುದಕ್ಕೆ ಅಬ್ದುರ್ ರಜಾಕನ ಬರಹವೇ ಸಾಕ್ಷಿ. ವಿಜಯನಗರದ ವರ್ಣನೆಯಿಂದ ನಮಗೆಲ್ಲ ಪರಿಚಿತನಾದ ಈ ಹೆರಾತಿನ ರಾಯಭಾರಿ 1442ರ ಬೇಸಗೆಯಲ್ಲಿ ಮಸ್ಕತ್ತಿನ ತೀರದಲ್ಲಿ ಸಿಲುಕಿಕೊಂಡಿದ್ದ. ಅಲ್ಲಿನ ಬಿಸಿಯನ್ನು ಬಣ್ಣಿಸುವಾಗ ಅವನ ಪಾರಸಿ ಅತಿಶಯೋಕ್ತಿಗೆ ಮಿತಿಯೇ ಇಲ್ಲ. ಮೂಳೆಯೊಳಗಿನ ಮಜ್ಜೆ, ಒರೆಯೊಳಗಿನ ಖಡ್ಗ ಯಾವುದನ್ನೂ ಅವನು ಬಿಡುವುದಿಲ್ಲ.

ಇದೇ ವ್ಯತ್ಯಾಸವನ್ನು ಹಜ್ ಯಾತ್ರೆ ಮಾಡಿದವರು ಒಂದೇ ದಿನದಲ್ಲಿ ಅನುಭವಿಸಿರುತ್ತಾರೆ. ಜಿದ್ದಾದಿಂದ ಮಕ್ಕಾಕ್ಕೆ ಇರುವುದು ಸುಮಾರು 70 ಕಿ.ಮೀ. ಮಾತ್ರ. ಜಿದ್ದಾ ಕೆಂಪು ಸಮುದ್ರದ ದಂಡೆಯಲ್ಲಿದೆ; ಅಲ್ಲಿನ ಹಳೆಯ ಪೇಟೆ ಅಲ್ ಬಲದಿನ ಎತ್ತರದ ಮನೆಗಳಿಗೆ 'ರೋಶನ್' ಎಂಬ ಮರದ ಜಾಲಂಧ್ರದ ದೊಡ್ಡ ಕಿಟಕಿಗಳಿವೆ. ಕಡಲ ಗಾಳಿಯನ್ನು ಒಳಗೆ ಬಿಟ್ಟು ಬಿಸಿಲನ್ನೂ ದಾರಿಹೋಕರ ಕಣ್ಣನ್ನೂ ಹೊರಗಿಡುವುದು ಅವುಗಳ ಕೆಲಸ. ಮಕ್ಕಾದ ಬೆಟ್ಟಗಳ ನಡುವಿನ ಮಿನಾದಲ್ಲಿ ಕಥೆ ಬೇರೆ. 1997ರಲ್ಲಿ ಅಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ 343 ಮಂದಿ ಮೃತಪಟ್ಟ ಬಳಿಕ ಬೆಂಕಿ ತಗುಲದ ಶಾಶ್ವತ ಡೇರೆಗಳನ್ನು ನಿರ್ಮಿಸಲಾಯಿತು. ಆ ಡೇರೆಗಳಿಗೆ ಅಳವಡಿಸಿದ್ದು ನೀರಿನ ಕೂಲರುಗಳನ್ನು. ಒಣ ಗಾಳಿಯಲ್ಲಿ ಅವು ಲಕ್ಷಾಂತರ ಹಾಜಿಗಳಿಗೆ ನೆರವಾದವು. ಜನ ಕಿಕ್ಕಿರಿದ ಡೇರೆಯಲ್ಲಿ ತೇವ ತುಂಬಿದಾಗ ಅವು ಸೋಲುತ್ತಿದ್ದುದೂ ಉಂಟು. ಇತ್ತೀಚಿನ ವರ್ಷಗಳಲ್ಲಿ ಅನೇಕ ಡೇರೆಗಳಿಗೆ ಎಸಿ ಬಂದಿದೆ.

ಬ್ರಿಟಿಷರು ಈ ಪಾಠವನ್ನು ಮೊಗಲರಿಂದ ಕಲಿತರು. ಲಾವಂಚದ ಚಾಪೆಯನ್ನು ಬಾಗಿಲ ಚೌಕಟ್ಟಿಗೆ ಕಟ್ಟಿ ನೀರೆರಚುವ 'ಟಟ್ಟಿ' ಅಲಹಾಬಾದ್, ದೆಹಲಿ, ನಾಗಪುರದ ಬಂಗಲೆಗಳಲ್ಲೆಲ್ಲ ಇತ್ತು. ಆದರೆ ಟಟ್ಟಿಗೆ ಜೀವ ಬರುತ್ತಿದ್ದುದು ಪಶ್ಚಿಮದಿಂದ 'ಲೂ' ಎಂಬ ಬಿಸಿಗಾಳಿ ಬೀಸಿದಾಗ ಮಾತ್ರ. ಗಾಳಿ ನಿಂತ ದಿನಗಳಿಗೆಂದು 1830ರ ದಶಕದ ಹೊತ್ತಿಗೆ 'ಥರ್ಮಾಂಟಿಡೋಟ್' ಎಂಬ ಯಂತ್ರ ಬಂತು. ಹಲಗೆಯ ದೊಡ್ಡ ಪೆಟ್ಟಿಗೆಯ ಬದಿಗಳಿಗೆ ಒದ್ದೆ ಟಟ್ಟಿ, ಒಳಗೆ ಕೈಯಿಂದ ತಿರುಗಿಸುವ ರೆಕ್ಕೆಗಳು. ಅಲಹಾಬಾದಿನಲ್ಲಿದ್ದ ಫ್ಯಾನಿ ಪಾರ್ಕ್ಸ್ ಎಂಬ ಮಹಿಳೆ ತನ್ನ ಪ್ರವಾಸಕಥನದಲ್ಲಿ ಇದನ್ನು ವರ್ಣಿಸಿದ್ದಾಳೆ. ತಿರುಗಿಸುವ ಕೂಲಿಯ ಜಾಗದಲ್ಲಿ ವಿದ್ಯುತ್ ಮೋಟಾರ್ ಇಟ್ಟರೆ ಅದೇ ನಮ್ಮ ಡೆಸರ್ಟ್ ಕೂಲರ್. ಕಲ್ಕತ್ತೆಯ ಸಾಹೇಬರು ಮಾತ್ರ ಪಂಖಾವನ್ನೇ ನಂಬಿಕೊಂಡಿದ್ದರು. ತಲೆಯ ಮೇಲೆ ತೂಗುವ ಬಟ್ಟೆಯ ಚೌಕಟ್ಟು, ಹೊರಗೆ ಹಗ್ಗ ಎಳೆಯುವ ಪಂಖಾವಾಲಾ, ಒಂದು ಹನಿ ನೀರಿಲ್ಲ. ಬಂಗಾಳದ ಹಸಿ ಗಾಳಿಗೆ ಇನ್ನಷ್ಟು ನೀರು ಸೇರಿಸಿ ಫಲವಿಲ್ಲವೆಂದು ಅನುಭವ ಅವರಿಗೆ ಹೇಳಿಕೊಟ್ಟಿತ್ತು.

ಅನುಭವಕ್ಕೆ ಅಳತೆ ಸಿಕ್ಕಿದ್ದು 1905ರಲ್ಲಿ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಬಿಸಿ ಗಣಿಗಳಲ್ಲಿ ಪ್ರಯೋಗ ನಡೆಸಿದ ಜೆ. ಎಸ್. ಹಾಲ್ಡೇನ್ ಎಂಬ ಶರೀರವಿಜ್ಞಾನಿ, ಮನುಷ್ಯನ ದೇಹ ಸೋಲುವುದು ಸಾಮಾನ್ಯ ಥರ್ಮಾಮೀಟರ್ ತೋರಿಸುವ ಬಿಸಿಗಲ್ಲ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಬಿಸಿಗೆ ಎಂದು ಕಂಡುಹಿಡಿದ. ಇದನ್ನು ಒದ್ದೆ ಬಲ್ಬಿನ ಉಷ್ಣತೆ ಎನ್ನುತ್ತಾರೆ. ಗಾಳಿಯಾಡದ ಜಾಗದಲ್ಲಿ ಅದು ಸುಮಾರು 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸುಮ್ಮನೆ ಕುಳಿತವನ ಮೈಬಿಸಿಯೂ ಏರತೊಡಗುತ್ತದೆ. 2010ರಲ್ಲಿ ಶೆರ್‌ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು 35 ಡಿಗ್ರಿಯನ್ನು ಮನುಷ್ಯ ಸಹಿಸಬಲ್ಲ ಕೊನೆಯ ಗಡಿ ಎಂದು ಲೆಕ್ಕಹಾಕಿದರು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ತರುಣರನ್ನೇ ಪರೀಕ್ಷಿಸಿದಾಗ ಹಸಿ ಗಾಳಿಯಲ್ಲಿ ಆ ಗಡಿ 31ರ ಆಸುಪಾಸಿನಲ್ಲೇ ಇತ್ತು. ನೂರು ವರ್ಷಗಳ ಹಿಂದಿನ ಹಾಲ್ಡೇನ್ ಹೆಚ್ಚು ತಪ್ಪಿರಲಿಲ್ಲ.

ಯಾವ ಕೂಲರೂ ಗಾಳಿಯನ್ನು ಈ ಒದ್ದೆ ಬಲ್ಬಿನ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಒಳ್ಳೆಯ ಕೂಲರ್ ಎರಡು ಥರ್ಮಾಮೀಟರುಗಳ ನಡುವಿನ ಅಂತರದ ಸುಮಾರು ಶೇ. 80ರಷ್ಟು ಇಳಿಸುತ್ತದೆ. ವಿಜಯಪುರದ ಒಂದು ಮಧ್ಯಾಹ್ನ 40 ಡಿಗ್ರಿ ಬಿಸಿ, ಶೇ. 20 ತೇವಾಂಶ ಎಂದಿಟ್ಟುಕೊಳ್ಳೋಣ. ಒದ್ದೆ ಬಲ್ಬ್ 23ರ ಆಸುಪಾಸು ಇರುತ್ತದೆ. ಕೂಲರಿನ ಬಾಯಿಂದ 26 ಡಿಗ್ರಿಯ ಗಾಳಿ ಬರುತ್ತದೆ. ಮಂಗಳೂರಿನ ಒಂದು ಮಧ್ಯಾಹ್ನ 33 ಡಿಗ್ರಿ, ಶೇ. 70 ತೇವಾಂಶ ಎಂದಾದರೆ ಒದ್ದೆ ಬಲ್ಬ್ 28ನ್ನು ದಾಟಿರುತ್ತದೆ. ಕೂಲರಿನಿಂದ 29 ಡಿಗ್ರಿಗಿಂತ ತುಸು ಹೆಚ್ಚಿನ, ಶೇ. 90ಕ್ಕೂ ಮೀರಿ ತೇವ ತುಂಬಿದ ಗಾಳಿ ಬರುತ್ತದೆ. ಅಂಥ ಗಾಳಿಯಲ್ಲಿ ಬೆವರು ಆರುವುದಿಲ್ಲ. ತಂಪು ಹೊರಹೋಗದಿರಲೆಂದು ಕಿಟಕಿಯನ್ನೂ ಮುಚ್ಚಿದರೆ ತೇವ ಕೋಣೆಯಲ್ಲೇ ಸಂಗ್ರಹವಾಗುತ್ತದೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನೇ ಗಂಟೆಗೆ ಸುಮಾರು 50 ಗ್ರಾಂ ನೀರಾವಿ ಬಿಡುತ್ತಾನೆ. 40 ವಿದ್ಯಾರ್ಥಿಗಳ ತರಗತಿ ಎಂದರೆ ಎರಡು ಲೀಟರ್. ಅದರ ಮೇಲೆ ಕೂಲರಿನದು ಬೇರೆ. ಇದು ಹಣ ಪೋಲಾಗುವ ಮಾತಷ್ಟೇ ಅಲ್ಲ. ವಯಸ್ಸಾದವರು, ಹೃದ್ರೋಗಿಗಳು ಮಲಗಿರುವ ಮುಚ್ಚಿದ ಕೋಣೆಯಲ್ಲಿ ಕೂಲರ್ ಹಚ್ಚಿಟ್ಟು ನಿಶ್ಚಿಂತರಾಗುವುದು ಅಪಾಯಕರ.

ಇನ್ನು ಅಂಗಡಿಯವನ ಐಸಿನ ಸಲಹೆ. 5 ಕಿಲೋ ಐಸ್ ಕರಗಿ ಕೋಣೆಯ ಬಿಸಿಗೆ ಬರುವಷ್ಟರಲ್ಲಿ ಹೀರುವ ಶಾಖ, ಒಂದು ಟನ್ ಎಸಿ ಹತ್ತು ಹನ್ನೆರಡು ನಿಮಿಷದಲ್ಲಿ ಹೊರಹಾಕುವ ಶಾಖಕ್ಕೆ ಸಮ. ಆಮೇಲೆ ಮತ್ತೆ ಐಸ್ ತರಬೇಕು. ಅಂದಹಾಗೆ ಎಸಿಯ 'ಟನ್' ಎಂಬ ಅಳತೆ ಹುಟ್ಟಿದ್ದೇ ಐಸಿನಿಂದ: 24 ಗಂಟೆಯಲ್ಲಿ ಒಂದು ಟನ್ ಮಂಜುಗಡ್ಡೆ ಕರಗಿದರೆ ಸಿಗುವ ತಂಪು ಅದು.

ಎಸಿಯ ಹುಟ್ಟಿನ ಕಥೆಯೂ ಇಲ್ಲಿ ಪ್ರಸ್ತುತ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಸೆಕೆಗಾಲದ ತೇವಕ್ಕೆ ಕಾಗದ ಹಿಗ್ಗಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರ್ ಯಂತ್ರ ರೂಪಿಸಿದ್ದು ಗಾಳಿಯ ತೇವವನ್ನು ಹತೋಟಿಗೆ ತರಲಿಕ್ಕೆ. ಮನುಷ್ಯರನ್ನು ತಂಪಾಗಿಡುವ ಉದ್ದೇಶ ಆಮೇಲೆ ಬಂತು. ಕೂಲರ್ ಗಾಳಿಗೆ ನೀರು ಕುಡಿಸುವ ಯಂತ್ರ, ಎಸಿ ಗಾಳಿಯಿಂದ ನೀರು ಹಿಂಡುವ ಯಂತ್ರ. ಎಸಿಯ ಹಿಂದಿನ ಕೊಳವೆಯಿಂದ ತೊಟ್ಟಿಕ್ಕುವ ನೀರೇ ಇದಕ್ಕೆ ಸಾಕ್ಷಿ. ಅಮೆರಿಕದಲ್ಲೂ ಕೂಲರ್ ಮನೆಮಾತಾದದ್ದು ಮರುಭೂಮಿಯ ಅರಿಜೋನದಲ್ಲಿ, 1930ರ ದಶಕದಲ್ಲಿ. 1939ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಮನೆಯಲ್ಲೇ ಕೂಲರ್ ತಯಾರಿಸುವ ಕೈಪಿಡಿಯನ್ನೂ ಹೊರತಂದಿತು. ಆದರೆ ಜುಲೈನಲ್ಲಿ ಅಲ್ಲಿ ಮಳೆಗಾಳಿ ಬೀಸಿದರೆ ಅದೇ ಕೂಲರ್ ಮಂಕಾಗುತ್ತದೆ.

ಹಾಗಾದರೆ ನಮ್ಮ ಕರಾವಳಿಯ ಹಿರಿಯರಿಗೆ ಉಪಾಯವೇ ಇರಲಿಲ್ಲವೇ? ಇತ್ತು. ವಿಜಯಪುರದ ದಪ್ಪ ಕಲ್ಲಿನ ಗೋಡೆ, ಗುಮ್ಮಟಗಳನ್ನು ಅವರು ಅನುಕರಿಸಲಿಲ್ಲ. ಕೋಝಿಕ್ಕೋಡಿನ ಮಿಶ್ಕಾಲ್ ಮಸೀದಿಯನ್ನು 14ನೇ ಶತಮಾನದಲ್ಲಿ ಕಟ್ಟಿಸಿದವನು ಒಬ್ಬ ಅರಬ್ ಹಡಗು ವ್ಯಾಪಾರಿ. ಆದರೂ ಅದಕ್ಕೆ ಗುಮ್ಮಟವಿಲ್ಲ. ಅಂತಸ್ತಿನ ಮೇಲೆ ಅಂತಸ್ತಾಗಿ ಇಳಿಜಾರು ಮಾಡು, ಮರದ ಕಂಬ, ಸುತ್ತಲೂ ಬಾಗಿಲುಗಳು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿನ ಕೆತ್ತನೆಯ ಮರದ ಕಂಬಗಳೂ ಇದೇ ಕುಲಕ್ಕೆ ಸೇರಿದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಸಾಮಾನ್ಯರ ಮನೆಗಳಿಗೂ ಹಂಚಿನ ಮಾಡು ಬಂತು. ಹಂಚಿನ ಸಂದಿನಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ. ಉದ್ದನೆಯ ಸೂರು ಗೋಡೆಗೆ ನೆರಳು ಕೊಡುತ್ತದೆ. ಚಾವಡಿಯಲ್ಲಿ ಮಲಗಿದವನ ಮೈಮೇಲೆ ಗಾಳಿ ಹಾಯುತ್ತದೆ. ದುಬೈಯ ಗೋಪುರದ ಸೂತ್ರವೇ ಇಲ್ಲೂ ಇದೆ. ಕೊಲ್ಲಿಯ ದುಡಿಮೆಯ ಹಣದಿಂದ ನಾವು ಕಟ್ಟಿಕೊಂಡ ಕಾಂಕ್ರೀಟ್ ತಾರಸಿ ಹಗಲಿನ ಬಿಸಿಲನ್ನು ಹೀರಿ ರಾತ್ರಿ ಮೈಮೇಲೆ ಸುರಿಯುತ್ತದೆ. ಆಮೇಲೆ ಕೂಲರ್ ಕೊಳ್ಳಲು ಪೇಟೆಗೆ ಹೊರಡುತ್ತೇವೆ. ತಾರಸಿಯ ಮೇಲೆ ಹಂಚಿನ ಅಥವಾ ತಗಡಿನ ನೆರಳು ಮಾಡಿಸಿ, ಎದುರುಬದುರು ಕಿಟಕಿ ತೆರೆದು ಒಂದು ಒಳ್ಳೆಯ ಫ್ಯಾನು ಹಾಕಿಸುವುದು ಕರಾವಳಿಯಲ್ಲಿ ಎಷ್ಟೋ ಮೇಲು. ಫ್ಯಾನಿಗೂ ಬಗ್ಗದ ದಿನಗಳಲ್ಲಿ, ಮನೆಯಲ್ಲಿ ರೋಗಿಗಳಿದ್ದರೆ, ಒಂದು ಕೋಣೆಗಾದರೂ ಎಸಿ ಬೇಕಾಗುತ್ತದೆ.

ಮಕ್ಕಾದಿಂದ ಬಂದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬಿಸಿಲಾಘಾತಕ್ಕೆ ತುತ್ತಾದ ಹಾಜಿಗಳ ಚಿಕಿತ್ಸೆಗೆಂದು ವೀನರ್ ಮತ್ತು ಖೋಗಲಿ ಎಂಬ ವಿಜ್ಞಾನಿಗಳು ರೂಪಿಸಿದ ಹಾಸಿಗೆಯೊಂದರ ವಿವರ 1980ರಲ್ಲಿ ಪ್ರಕಟವಾಯಿತು. ರೋಗಿಯನ್ನು ಬಲೆಯ ಮೇಲೆ ಮಲಗಿಸಿ, ತಣ್ಣೀರನ್ನು ಮಂಜಿನಂತೆ ಸಿಂಪಡಿಸಿ, ಅದರ ಮೇಲೆ 45 ಡಿಗ್ರಿಯ ಬೆಚ್ಚನೆಯ ಗಾಳಿ ಹಾಯಿಸುತ್ತಾರೆ. ಬಿಸಿ ತಗುಲಿದವನಿಗೆ ಬಿಸಿಗಾಳಿಯೇ ಎಂದು ಅಚ್ಚರಿಯಾಗಬಹುದು. ಚರ್ಮ ತೀರಾ ತಣ್ಣಗಾದರೆ ರಕ್ತನಾಳಗಳು ಮುದುಡಿ ಒಳಗಿನ ಬಿಸಿ ಹೊರಬರುವುದಿಲ್ಲ. ಬೆಚ್ಚನೆಯ ಗಾಳಿಯಲ್ಲಿ ಚರ್ಮ ಬೆಚ್ಚಗಿದ್ದು ನೀರು ಬೇಗ ಆವಿಯಾಗುತ್ತದೆ. ಮನ್ಸೂರನ ಕೋಣೆಗೆ ಹೊದಿಸಿದ ಖೈಶ್ ಇಲ್ಲಿ ಮನುಷ್ಯನ ದೇಹವನ್ನೇ ತಲುಪಿತು. 2024ರ ಹಜ್‌ನಲ್ಲಿ ಬಿಸಿ 51 ಡಿಗ್ರಿ ದಾಟಿ 1,300ಕ್ಕೂ ಹೆಚ್ಚು ಮಂದಿ ಸಾವನ್ನಪ್ಪಿದ್ದನ್ನು ನೆನೆದರೆ ಈ ವಿದ್ಯೆಯ ಬೆಲೆ ತಿಳಿಯುತ್ತದೆ.

ಕೂಲರ್ ಕೊಳ್ಳುವ ಮುಂಚೆ ನಮ್ಮ ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಶಾಲೆಯ ಪ್ರಯೋಗಾಲಯದಲ್ಲಿರುವಂಥ ಎರಡು ಥರ್ಮಾಮೀಟರ್ ತನ್ನಿರಿ. ಒಂದರ ಬುಡಕ್ಕೆ ತೆಳುವಾದ ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ. ಎರಡನ್ನೂ ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಹತ್ತು ನಿಮಿಷ ಇಡಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಒಂದು ವಾರ ಹೀಗೆ ಅಳೆದು ಬರೆದಿಡಿ. ಅಂತರ ಹತ್ತು ಡಿಗ್ರಿಗಿಂತ ಹೆಚ್ಚಿದ್ದರೆ ಕೂಲರ್ ಕೊಳ್ಳಬಹುದು, ಕಿಟಕಿ ತೆರೆದಿಟ್ಟು ಹಚ್ಚಬಹುದು. ಐದರ ಆಸುಪಾಸಿನಲ್ಲಿದ್ದರೆ ಆ ಹಣವನ್ನು ಮಾಡಿನ ನೆರಳಿಗೋ ಫ್ಯಾನಿಗೋ ಹಾಕಲು ಮನೆಯ ಹಿರಿಯರಿಗೆ ಹೇಳಿ; ಅಂಕಿಗಳನ್ನು ಅವರ ಮುಂದಿಡಿ.